ಕೆರೆಯ ದಂಡೆಗೆ ಹೋಗೋಣ, ಜೋಳಿಗೆ ಹಿಡಿದು

(ಹುನಗುಂದದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



 

ಈ ತಿಂಗಳ ಗೋಷ್ಠಿಗೆ ನಿಮ್ಮ ವಿಷಯ ಯಾವುದು ಎಂದು ಸಂಚಾಲಕರು ಫೋನ್ ಮಾಡಿ ಕೇಳಿದರು. 'ನಮ್ಮ ಸುತ್ತಲಿನ ಕೆರೆ-ಹೊಳೆಗಳಿಗೆ ಒಂದು ದಿನದ ಪ್ರವಾಸ' ಎಂದೆ. ಅವರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ನಕ್ಕು, 'ಸರ್, ಶಿವಾನುಭವದಾಗ ಪಿಕ್‌ನಿಕ್ ಮಾತ ಏನ್ರಿ?' ಎಂದರು. ಅವರ ಪ್ರಶ್ನೆ ಸರಿಯಾದದ್ದೇ. ಇಲ್ಲಿ ಷಟ್‌ಸ್ಥಲದ ಬಗ್ಗೆ, ಕಾಯಕ-ದಾಸೋಹದ ಬಗ್ಗೆ ಮಾತಾಡುತ್ತೇವೆ. ಕೆರೆ ನೋಡಲು ಹೋಗುವುದರಲ್ಲಿ ಧರ್ಮ ಎಲ್ಲಿ ಬಂತು? ಅದಕ್ಕೆ ಉತ್ತರ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ನಾವು ಚಿಕ್ಕವರಿದ್ದಾಗ ಪಿಕ್‌ನಿಕ್ ಎಂಬ ಶಬ್ದ ಗೊತ್ತಿರಲಿಲ್ಲ. ಆದರೆ ಸಂಕ್ರಮಣ ಬಂತೆಂದರೆ ಓಣಿಯ ಮಂದಿಯೆಲ್ಲ ಬಂಡಿ ಹೂಡಿಕೊಂಡು ಹೊಳೆಗೆ ಹೋಗುತ್ತಿದ್ದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಮಾದಲಿ, ಗಡಿಗೆ ಮೊಸರು. ಹೊಳೆಯಲ್ಲಿ ಮಿಂದು, ದಂಡೆಯ ಮರಳಿನ ಮೇಲೆ ಸಾಲಾಗಿ ಕುಳಿತು ಉಂಡು, ಸಂಜೆಗೆ ಮನೆ ಸೇರುತ್ತಿದ್ದೆವು. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುತ್ತಿದ್ದೆವು. ನೆಲವನ್ನೂ ನೀರನ್ನೂ ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಿ, ಅವುಗಳ ಎದುರಿಗೆ ಕುಳಿತು ಉಣ್ಣಬೇಕೆಂಬ ರೂಢಿ ನಮ್ಮದೇ. ಉಂಡ ಎಲೆ ದನದ ಬಾಯಿಗೆ ಹೋಗುತ್ತಿತ್ತು. ನಾವು ಎದ್ದು ಬಂದ ಜಾಗದಲ್ಲಿ ಬಂಡಿಯ ಗಾಲಿಯ ಗೆರೆ ಬಿಟ್ಟರೆ ಬೇರೇನೂ ಉಳಿಯುತ್ತಿರಲಿಲ್ಲ.

ಈಗ ಏನಾಗಿದೆ? ನಮ್ಮ ಮಂದಿ ಕೈಯಲ್ಲಿ ನಾಲ್ಕು ಕಾಸು ಬಂದರೆ ಕಾಶಿ, ಕೇದಾರ ಎನ್ನುತ್ತಾರೆ. ಹುಡುಗರು ಗೋವಾ ಎನ್ನುತ್ತಾರೆ. ಮನೆಯಿಂದ ಒಂದು ತಾಸಿನ ದಾರಿಯಲ್ಲಿರುವ ನೀರನ್ನು ಮಾತ್ರ ನೋಡಿಲ್ಲ. ಇಳಕಲ್ಲಿನಲ್ಲಿ ಹುಟ್ಟಿ ಬೆಳೆದು ಬದಾಮಿಯ ಕೆರೆಯನ್ನು ಒಮ್ಮೆಯೂ ಕಾಣದವರನ್ನು ನಾನು ಬಲ್ಲೆ. ಅವರ ಮಾತು ಮುಂದೆ ಬರುತ್ತದೆ.

ಮೊದಲು ಒಂದು ಅನುಮಾನ ಪರಿಹರಿಸಿಕೊಳ್ಳೋಣ. ತೀರ್ಥಯಾತ್ರೆಯನ್ನು ನಮ್ಮ ಶರಣರು ಒಪ್ಪಲಿಲ್ಲವಲ್ಲ, ಹಾಗಾದರೆ ಹೊಳೆ-ಕೆರೆಗೆ ಹೋಗು ಎಂದು ನೀವು ಹೇಗೆ ಹೇಳುತ್ತೀರಿ ಎಂದು ಒಬ್ಬ ತರುಣ ನನ್ನನ್ನು ಕೇಳಿದ. ನಿಜ. ನದಿಯಲ್ಲಿ ಮಿಂದರೆ ಪಾಪ ತೊಳೆದು ಹೋಗುತ್ತದೆ ಎಂಬ ನಂಬಿಕೆಯನ್ನು ಶರಣರು ಕಟುವಾಗಿ ಪ್ರಶ್ನಿಸಿದರು. ಅಂಗೈಯಲ್ಲಿ ಇಷ್ಟಲಿಂಗವಿದ್ದವನು ದೇವರನ್ನು ಹುಡುಕಿ ಊರೂರು ಅಲೆಯಬೇಕಿಲ್ಲ ಎಂದರು. ಆದರೆ ಅವರು ನಿರಾಕರಿಸಿದ್ದು ನೀರಿನ ಹೆಸರಿನಲ್ಲಿ ನಡೆಯುವ ಪುಣ್ಯದ ವ್ಯಾಪಾರವನ್ನು, ನೀರನ್ನಲ್ಲ. ಬಸವಣ್ಣನವರ ಅಂಕಿತವನ್ನೇ ನೋಡಿ. ಕೂಡಲಸಂಗಮದೇವ. ಎರಡು ಹೊಳೆ ಕೂಡುವ ಜಾಗದ ಹೆಸರು ಅದು. ತಾವು ಓದಿ ಬೆಳೆದ ನೆಲದ, ಬೆಳಗು-ಬೈಗು ಕಂಡ ನೀರಿನ ಹೆಸರನ್ನು ಆ ಮಹಾನುಭಾವರು ತಮ್ಮ ಪ್ರತಿಯೊಂದು ವಚನದ ಕೊನೆಗೆ ಇಟ್ಟುಕೊಂಡರು. ಕಲ್ಯಾಣಕ್ಕೆ ಹೋಗಿ ದೊಡ್ಡ ಅಧಿಕಾರದಲ್ಲಿದ್ದಾಗಲೂ ಆ ಹೆಸರು ಬಿಡಲಿಲ್ಲ. ತನ್ನೂರಿನ ನೀರನ್ನು ಪ್ರೀತಿಸುವುದು ಶರಣಧರ್ಮಕ್ಕೆ ಹೊರತಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಆದ್ದರಿಂದ ನಾನು ಹೇಳುತ್ತಿರುವುದು ತೀರ್ಥಯಾತ್ರೆ ಅಲ್ಲ. ಹೋಗಿ ಬಂದರೆ ಪುಣ್ಯ ಬರುತ್ತದೆ ಎಂದು ನಾನು ಆಸೆ ತೋರಿಸುವುದಿಲ್ಲ. ಕಣ್ಣಿಗೆ ತಂಪು, ಮನೆಮಂದಿಗೆ ಒಂದು ದಿನದ ಒಡನಾಟ, ಮಕ್ಕಳಿಗೆ ತಮ್ಮ ಸೀಮೆಯ ಪರಿಚಯ, ಇಷ್ಟು ಸಿಕ್ಕರೆ ಸಾಕು. ಇದರ ಜೊತೆಗೆ ಇನ್ನೊಂದು ಸಿಗುತ್ತದೆ. ಅದನ್ನು ನನಗೆ ಕಲಿಸಿದ್ದು ನನ್ನ ಅವ್ವ.

ಅವ್ವನ ತವರು ಕೃಷ್ಣೆಯ ದಂಡೆಯ ಒಂದು ಹಳ್ಳಿ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ನೀರು ನಿಂತದ್ದು 1982ರ ಹೊತ್ತಿಗೆ. ಆ ನೀರಿನಲ್ಲಿ ಅವ್ವನ ತವರು ಹೋಯಿತು. ನಮ್ಮ ತಾಲೂಕಿನಲ್ಲಿ 'ಮುಳುಗಡೆ' ಎಂಬ ಶಬ್ದಕ್ಕೆ ಯಾರೂ ಅರ್ಥ ಹೇಳಬೇಕಾಗಿಲ್ಲ. ಈ ಸಭೆಯಲ್ಲೇ ಅರ್ಧ ಮಂದಿಗೆ ಮುಳುಗಡೆಯ ನಂಟಿದೆ. ಪುನರ್ವಸತಿಯ ಊರಿನಲ್ಲಿ ಮಾವಂದಿರು ಹೊಸ ಮನೆ ಕಟ್ಟಿದರು. ಅವ್ವ ಹಬ್ಬಕ್ಕೆ ಹೋಗಿ ಬರುತ್ತಿದ್ದಳು. ಆದರೆ ಹಿನ್ನೀರಿನ ಕಡೆಗೆ ಮಾತ್ರ ತಲೆ ಹಾಕಲಿಲ್ಲ. ಕೂಡಲಸಂಗಮಕ್ಕೆ ಹೋದರೂ ಗುಡಿಯಲ್ಲಿ ಸಂಗಮನಾಥನಿಗೆ ಕೈ ಮುಗಿದು ಬಸ್‌ಸ್ಟ್ಯಾಂಡಿಗೆ ಬಂದುಬಿಡುತ್ತಿದ್ದಳು. 'ನೀರ ನೋಡೋಣ ಬಾ' ಎಂದರೆ, 'ಏನ್ ನೋಡೂದೈತಿ ಆ ನೀರಾಗ?' ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಒಂದು ಸಂಕ್ರಮಣದ ದಿನ ಮೊಮ್ಮಕ್ಕಳ ಹಟಕ್ಕೆ ಸೋತು ನಮ್ಮ ಸಂಗಡ ನೀರಿನ ತನಕ ಬಂದಳು. ಸಂಗಮ ನೋಡಿದವರಿಗೆ ಗೊತ್ತು. ಬಸವಣ್ಣನವರ ಐಕ್ಯಮಂಟಪ ಹಿನ್ನೀರಿನ ನಡುವೆ ಇದೆ. ಅದು ಮುಳುಗಬಾರದೆಂದು ಸುತ್ತಲೂ ಬಾವಿಯ ಹಾಗೆ ದುಂಡನೆಯ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಒಳಗೆ ಹೋದರೆ ತಣ್ಣಗಿನ ನಿಶ್ಶಬ್ದ. ಹೊರಗೆ ಬಂದರೆ ಕಣ್ಣು ಹಾಯುವ ತನಕ ನೀರು. ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಬಂದು ಕೃಷ್ಣೆಯನ್ನು ಸೇರುತ್ತಾಳೆ. ಯಾವ ನೀರು ಯಾರದು ಎಂದು ತೋರಿಸಲಾಗದ ಹಾಗೆ ಸೇರುತ್ತಾಳೆ.

ಅವ್ವ ಒಳಗಿನ ಮಂಟಪಕ್ಕೆ ಶರಣು ಮಾಡಿ ಹೊರಗೆ ಬಂದು ಬಹಳ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಕೈ ಮಾಡಿ ತೋರಿಸಿದಳು. 'ಆ ದಿಕ್ಕಿಗೆ ನಮ್ಮೂರು. ಮನಿ ಮುಂದ ಹುಣಸಿ ಗಿಡ ಇತ್ತು.' ನಾವು ಮಂಟಪಕ್ಕೆ ಗೋಡೆ ಕಟ್ಟಿ ಉಳಿಸಿಕೊಂಡೆವು, ಅದು ಆಗಲೇಬೇಕಾಗಿದ್ದ ಕೆಲಸ. ಊರುಗಳಿಗೆ ಗೋಡೆ ಕಟ್ಟಲಾಗಲಿಲ್ಲ. ದಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಬಿಸಿಲು ನೀರಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಬೆಳ್ಳಕ್ಕಿಗಳು ಕುಳಿತಿದ್ದವು. ಅವ್ವ ಹೇಳಿದಳು, 'ಚಂದ ಐತಿ ತಮ್ಮಾ. ಚಂದ ಐತಿ ಅನ್ನಾಕ ಹೊಟ್ಟಿ ಉರೀತೈತಿ. ಆದ್ರ ಚಂದ ಐತಿ.'

ಇಷ್ಟೇ ಆಗಿದ್ದರೆ ಇದು ನಮ್ಮ ಮನೆಯ ಮಾತು, ನಿಮ್ಮ ಮುಂದೆ ಹೇಳುವ ಅಗತ್ಯವಿರಲಿಲ್ಲ. ಆಮೇಲೆ ಆದದ್ದನ್ನು ಹೇಳಬೇಕು. ಊಟ ಮುಗಿಯಿತು. ಚಹಾ ಕುಡಿದ ಪ್ಲಾಸ್ಟಿಕ್ ಕಪ್ಪು ನನ್ನ ಕೈಯಲ್ಲಿತ್ತು. ಮೂವತ್ತು ವರ್ಷ ಮಕ್ಕಳಿಗೆ ಸ್ವಚ್ಛತೆಯ ಪಾಠ ಹೇಳಿದ ಮಾಸ್ತರ ನಾನು. ಮಾತಿನ ಭರದಲ್ಲಿ ಆ ಕಪ್ಪನ್ನು ಮುದುಡಿ ನೀರಿಗೆ ಒಗೆದೆ. ಅವ್ವ ನೋಡಿದಳು. ಬೈಯಲಿಲ್ಲ. ಮೆಲ್ಲಗೆ, 'ನಮ್ಮನಿ ಮ್ಯಾಲ ಒಗದಿ ನೋಡು' ಎಂದಳು.

ಶರಣಬಂಧುಗಳೆ, ಆ ಮಾತು ನನ್ನ ಎದೆಗೆ ನಟ್ಟಿತು. ನಾನು ನೀರು ನೋಡುತ್ತಿದ್ದೆ, ಅವಳು ಮನೆ ನೋಡುತ್ತಿದ್ದಳು. ನಮ್ಮ ಜಿಲ್ಲೆಯಲ್ಲಿ ಇವತ್ತು ನಾವು ಚಂದವೆಂದು ನೋಡುವ ಬಹುಪಾಲು ನೀರಿನ ಕೆಳಗೆ ಯಾರದೋ ಮನೆ ಇದೆ, ಯಾರದೋ ಹೊಲ ಇದೆ. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ಇನ್ನಾರದೋ ಹೊಲಕ್ಕೆ ಹರಿಯುತ್ತದೆ, ಇನ್ನಾವುದೋ ಊರಿನ ನಲ್ಲಿಯಲ್ಲಿ ಬರುತ್ತದೆ. ನಾವು ದಾಸೋಹ ಎನ್ನುತ್ತೇವೆ. ಇದಕ್ಕಿಂತ ದೊಡ್ಡ ದಾಸೋಹ ಯಾವುದು? ಮಾಡಿದವರ ಹೆಸರು ಎಲ್ಲಿಯೂ ಬರೆದಿಲ್ಲ. ಅಂಥ ದಾಸೋಹದ ಎಡೆಯಲ್ಲಿ ನಾನು ಎಂಜಲು ಕಪ್ಪು ಒಗೆದಿದ್ದೆ.

ನೀರಿಗಿಳಿದು ಆ ಕಪ್ಪನ್ನು ತೆಗೆದುಕೊಂಡೆ. ಸುತ್ತ ನೋಡಿದರೆ ಅದೊಂದೇ ಇರಲಿಲ್ಲ. ಶಾಂಪೂ ಚೀಟಿ, ಗುಟ್ಕಾ ಚೀಟಿ, ಕರ್ಪೂರದ ಪೊಟ್ಟಣ, ಮಿಂದು ಬಿಟ್ಟುಹೋದ ಬಟ್ಟೆ, ಮನೆಯಲ್ಲಿ ಇಡಬಾರದೆಂದು ಯಾರೋ ತಂದು ಬಿಟ್ಟ ಗಾಜು ಒಡೆದ ದೇವರ ಫೋಟೋ. ಒಡೆದ ಬಾಟಲಿಯ ಚೂರೂ ಇತ್ತು. ಬರಿಗಾಲಿನ ಮೊಮ್ಮಗ ಅಲ್ಲೇ ಓಡಾಡುತ್ತಿದ್ದ. ಹಾಕಿಕೊಳ್ಳಲು ಚೀಲವಿರಲಿಲ್ಲ. ಅವ್ವ ಬುತ್ತಿ ಕಟ್ಟಿದ್ದ ಬಟ್ಟೆಯನ್ನು ಕೊಟ್ಟಳು. ಇಳಕಲ್ ಸೀರೆಯ ಹಳೆಯ ತುಂಡು ಅದು. ಆವತ್ತಿಗೆ ಅದೇ ನಮ್ಮ ಜೋಳಿಗೆಯಾಯಿತು.

ಜೋಳಿಗೆ ಎಂದಾಗ ಈ ಸೀಮೆಯವರಿಗೆ ಯಾರ ನೆನಪಾಗುತ್ತದೆ ಎಂದು ಹೇಳಬೇಕಿಲ್ಲ. ಚಿತ್ತರಗಿ-ಇಳಕಲ್ಲ ವಿಜಯಮಹಾಂತೇಶ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಅಪ್ಪಗಳು. 1975ರಿಂದ ಅವರು ಜೋಳಿಗೆ ಹಿಡಿದು ಮನೆ ಮನೆಗೆ, ಓಣಿ ಓಣಿಗೆ ಹೋದರು. ಕಾಳು-ಕಡಿ ಬೇಡಲಿಲ್ಲ, ಹಣ ಬೇಡಲಿಲ್ಲ. ನಿಮ್ಮ ದುಶ್ಚಟವನ್ನು ನನ್ನ ಜೋಳಿಗೆಗೆ ಹಾಕಿ ಎಂದು ಬೇಡಿದರು. ಬೀಡಿಯ ಕಟ್ಟು, ತಂಬಾಕಿನ ಚೀಟಿ ಆ ಜೋಳಿಗೆಗೆ ಬಿದ್ದವು. ಕುಡಿತ ಬಿಟ್ಟ ಮನೆಗಳಲ್ಲಿ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಅಪ್ಪಗಳ ಜೋಳಿಗೆಗೂ ಕೆರೆಯ ದಂಡೆಗೂ ಏನು ಸಂಬಂಧ? ನಮ್ಮ ಕೆರೆಗಳ ದಂಡೆಯಲ್ಲಿ ಸಂಜೆ ಹೊತ್ತು ನಡೆದು ನೋಡಿ, ಗೊತ್ತಾಗುತ್ತದೆ. ಎಲ್ಲಿ ಮರದ ನೆರಳು, ನೀರಿನ ತಂಪು ಇದೆಯೋ ಅಲ್ಲಿ ಬಾಟಲಿಗಳಿವೆ. ಊರಲ್ಲಿ ನಾಚಿಕೊಂಡು ಕುಡಿಯುವವರು ಕೆರೆಯ ದಂಡೆಗೆ ಬರುತ್ತಾರೆ. ಆದ್ದರಿಂದ ಮರ್ಯಾದಸ್ಥರು ಮಕ್ಕಳು-ಮರಿ ಕಟ್ಟಿಕೊಂಡು ಅಲ್ಲಿಗೆ ಹೋಗುವುದನ್ನು ಬಿಡುತ್ತಾರೆ. ಅವರು ಬಿಟ್ಟಷ್ಟೂ ಇವರು ಹೆಚ್ಚುತ್ತಾರೆ. ಹೀಗೆ ಒಂದೊಂದೇ ಕೆರೆಯನ್ನು ನಾವು ಕುಡುಕರಿಗೆ ಬಿಟ್ಟುಕೊಟ್ಟೆವು. ತಿರುಗಿ ಪಡೆಯುವ ದಾರಿ ಯಾವುದು? ಬೈಯುವುದರಿಂದ, ಬೋರ್ಡು ಹಾಕುವುದರಿಂದ ಆಗುವುದಿಲ್ಲ. ನಾವು ಹೆಂಡಿರು-ಮಕ್ಕಳ ಸಮೇತ ಅಲ್ಲಿ ಹೋಗಿ ಕುಳಿತರೆ ಆಗುತ್ತದೆ. ಬುತ್ತಿ ಬಿಚ್ಚಿ ಉಂಡರೆ, ಮಕ್ಕಳು ಆಡಿದರೆ, ತಾಯಂದಿರು ಹಾಡಿದರೆ ಆ ಜಾಗ ತಾನಾಗಿ ಶುದ್ಧವಾಗುತ್ತದೆ. ಪ್ರವಾಸ ಧರ್ಮದ ಮಾತು ಯಾಕೆ ಎಂದು ಕೇಳಿದ ಸಂಚಾಲಕರಿಗೆ ಇದು ನನ್ನ ಮೊದಲ ಉತ್ತರ.

ಆ ಸಂಕ್ರಮಣದಿಂದ ಈಚೆಗೆ ನಮ್ಮ ಓಣಿಯ ನಾಲ್ಕೈದು ಮನೆಯವರು ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಹೊರಡುತ್ತೇವೆ. ಒಂದು ಟ್ರ್ಯಾಕ್ಸ್ ಬಾಡಿಗೆ, ಮನೆಯ ಬುತ್ತಿ, ಹಳೆಯ ಸೀರೆಯಲ್ಲಿ ಹೊಲಿದ ಎರಡು ಜೋಳಿಗೆ. ನೋಡಿದ ಎರಡು ಮೂರು ಜಾಗದ ಮಾತು ಹೇಳುತ್ತೇನೆ, ನೀವೂ ಹೋಗಬಹುದು.

ಬಾಗಲಕೋಟೆಯ ಕಡೆ ಹೋದರೆ ಘಟಪ್ರಭೆ ಈಗ ಹೊಳೆಯ ಹಾಗಿಲ್ಲ, ಸಮುದ್ರದ ಹಾಗಿದೆ. ಆಲಮಟ್ಟಿಯ ಹಿನ್ನೀರು ಅದು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ನಡುವೆ 42 ವರ್ಷ. ನೀರು 519.60 ಮೀಟರ್ ಎತ್ತರದ ತನಕ ನಿಂತಿತು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಗುಡ್ಡದ ಮೇಲೆ ನವನಗರ ಎದ್ದಿತು. ಇನ್ನೂ ಎತ್ತರಿಸಿ 524.256 ಮೀಟರ್ ಮಾಡುವ ಮಾತು ನಡೆದೇ ಇದೆ. ಹಾಗಾದರೆ ಇನ್ನಷ್ಟು ಊರುಗಳು ಏಳಬೇಕು. ಈ ನೀರನ್ನು ನೋಡುವಾಗ ಇದನ್ನು ಮರೆಯಬಾರದು.

ಚಳಿಗಾಲ ಇಳಿದು ಹಿನ್ನೀರು ಸರಿಯತೊಡಗಿದಾಗ ಕೆಸರಿನ ದಂಡೆಗೆ ಹಕ್ಕಿಗಳು ಬರುತ್ತವೆ. ಗುಲಾಬಿ ಬಣ್ಣದ ಉದ್ದ ಕಾಲಿನ ರಾಜಹಂಸ, ಅಂದರೆ ಫ್ಲೆಮಿಂಗೊ ಹಿಂಡು ಆಳವಿಲ್ಲದ ನೀರಿನಲ್ಲಿ ತಲೆ ಬಗ್ಗಿಸಿ ಮೇಯುವುದನ್ನು ನೋಡಿ ನನ್ನ ಮೊಮ್ಮಗಳು ಅರ್ಧ ತಾಸು ಮಾತೇ ಆಡಲಿಲ್ಲ. ಅದು ನಮ್ಮ ಮನೆಯಲ್ಲಿ ಒಂದು ದಾಖಲೆ. ಇನ್ನೂ ಸ್ವಲ್ಪ ದೂರ ಹೋಗುವ ಉತ್ಸಾಹವಿದ್ದವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿ ಸೇರಿತು. ಜಗತ್ತೇ ಗುರುತಿಸಿದ ಕೆರೆ ನಮ್ಮ ಪಕ್ಕದ ಜಿಲ್ಲೆಯಲ್ಲಿದೆ, ನಮಗೆ ಗೊತ್ತಿಲ್ಲ. ಬಾಗಲಕೋಟೆ ಪಟ್ಟಣದ ಮಗ್ಗುಲಲ್ಲೇ ಮುಚಖಂಡಿ ಕೆರೆ ಇದೆ. ಬ್ರಿಟಿಷರ ಕಾಲದ ಕಲ್ಲಿನ ಒಡ್ಡು. ವೀರಭದ್ರನ ಗುಡಿಗೆ ಬಂದವರು ಒಡ್ಡಿನ ಮೇಲೆ ಹತ್ತು ನಿಮಿಷ ನಿಂತು ನೋಡಲಿ.

ಬದಾಮಿಯ ಪ್ರವಾಸದ ದಿನ ನಮ್ಮ ಓಣಿಯ ಒಬ್ಬ ತಾಯಿಯನ್ನು ಕರೆದುಕೊಂಡು ಹೋದೆವು. ಇಳಕಲ್ಲಿನಲ್ಲಿ ಹುಟ್ಟಿ ಹುನಗುಂದಕ್ಕೆ ಬಂದವರು. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳ ಕೇಳಿದವರು. ಇಳಕಲ್ ಸೀರೆಗೆ ಒಡಲು ಒಂದು, ಸೆರಗು ಒಂದು. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೊಂಡಿಯ ಕೆಲಸದಲ್ಲಿ ಅವರ ಕಣ್ಣು ಸವೆದಿವೆ. ಅರವತ್ತು ದಾಟಿದ್ದರೂ ಬದಾಮಿ ನೋಡಿರಲಿಲ್ಲ. 'ಯಾರ್ ಕರಕೊಂಡ ಹೋಗವ್ರು ಸರ್?' ಎಂದರು.

ಬದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ನಿಂತಾಗ ಅವರ ಮುಖ ನೋಡಬೇಕಿತ್ತು. ಎರಡು ಕಡೆ ಕೆಂಪು ಬಂಡೆಯ ಗೋಡೆ. ನಡುವೆ ಹಸಿರು ನೀರು. ಆಚೆ ದಂಡೆಯಲ್ಲಿ ನೀರಿಗೇ ಕಾಲಿಟ್ಟಂತೆ ಭೂತನಾಥನ ಗುಡಿ. ದಕ್ಷಿಣದ ಬಂಡೆಯಲ್ಲಿ ನಾಲ್ಕು ಗುಹೆಗಳು. ಮೂರನೆಯ ಗುಹೆಯಲ್ಲಿ 578ನೆಯ ಇಸವಿಯ ಶಾಸನವಿದೆ. ಅಂದರೆ ಬಸವಣ್ಣನವರಿಗಿಂತ ಸುಮಾರು ಆರು ಶತಮಾನ ಹಿಂದೆ ಆ ಉಳಿಯ ಸಪ್ಪಳ ಈ ಕೆರೆಗೆ ಕೇಳಿಸುತ್ತಿತ್ತು. ಆ ತಾಯಿ ಇದ್ಯಾವುದನ್ನೂ ಕೇಳಲಿಲ್ಲ. ಬಹಳ ಹೊತ್ತು ನೋಡಿ, 'ಹಸರ ಒಡಲು, ಕೆಂಪ ದಡಿ. ಯಾರ್ ನೇಯ್ದಾರ್ರೀ ಇದನ್ನ?' ಎಂದರು. ನಾನು ಎಷ್ಟೋ ಸಲ ಬದಾಮಿಗೆ ಹೋಗಿದ್ದೇನೆ. ಆ ಕೆರೆಯನ್ನು ನನಗೆ ನಿಜವಾಗಿ ತೋರಿಸಿದವರು ಅವರು.

ಮಳೆಗಾಲದಲ್ಲಿ ಹೋದರೆ ಬಂಡೆಯ ತಲೆಯಿಂದ ಅಕ್ಕ-ತಂಗಿ ಎಂದು ಜನ ಕರೆಯುವ ಜೋಡಿ ಜಲಪಾತ ಬೀಳುತ್ತದೆ. ಆದರೆ ಅದು ಮಳೆ ಬಿದ್ದಾಗ ಮಾತ್ರ, ನಮ್ಮ ಅದೃಷ್ಟದ ಮೇಲೆ. ಮೆಟ್ಟಿಲುಗಳ ಮೇಲೆ ಬದಾಮಿಯ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿರುತ್ತಾರೆ. ಪ್ರವಾಸಿಗರು ಕೆಲವರು ಮುಖ ಸಿಂಡರಿಸುತ್ತಾರೆ. ಅದು ಅವರ ಊರು, ಅವರ ಕೆರೆ, ಅವರ ಕಾಯಕ. ನಾವು ಅವರ ಅಂಗಳಕ್ಕೆ ಬಂದ ಅತಿಥಿಗಳು. ಫೋಟೋ ತೆಗೆಯುವ ಮೊದಲು ಕೇಳುವುದು ಮರ್ಯಾದೆ.

ಅಲ್ಲಿಂದ ಮಹಾಕೂಟಕ್ಕೆ ಬಂದೆವು. ಗುಡ್ಡದ ಮಡಿಲಲ್ಲಿ ಒರತೆಯ ನೀರಿನ ಪುಷ್ಕರಣಿ. ಸುತ್ತ ದೊಡ್ಡ ಮರಗಳ ನೆರಳು. ಹುಡುಗರು ಜಿಗಿದು ಈಜುತ್ತಾರೆ, ಅಜ್ಜಂದಿರು ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾರೆ. ಹತ್ತಿರದಲ್ಲೇ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ್ದು. ಮಠಗಳಿಗೆ ವಟುಗಳನ್ನು ತಯಾರು ಮಾಡಲು ಅವರು ಹೊಳೆಯ ದಂಡೆಯನ್ನೇ ಆರಿಸಿಕೊಂಡರು. ಪಟ್ಟದಕಲ್ಲು, ಐಹೊಳೆಗಳೂ ಅದೇ ಮಲಪ್ರಭೆಯ ಮಕ್ಕಳು. ವರ್ಷದ ಬಹುಕಾಲ ಬತ್ತಿ ಕಾಣುವ ಈ ಹೊಳೆ 2019ರ ಆಗಸ್ಟ್‌ನಲ್ಲಿ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ನೀರನ್ನು ಪ್ರೀತಿಸುವುದರ ಜೊತೆಗೆ ಅದಕ್ಕೆ ಅಂಜಬೇಕು ಎನ್ನುವುದನ್ನೂ ಮಕ್ಕಳಿಗೆ ಹೇಳಿಕೊಡಬೇಕು. ಹಿನ್ನೀರಿನ ದಂಡೆಯಲ್ಲಿ ಹೂಳಿದೆ, ಕಾಲಿಟ್ಟರೆ ಹೂತುಕೊಳ್ಳುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಸೆಲ್ಫಿಗಾಗಿ ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ. ಗುರುತಿಲ್ಲದ ನೀರಿಗೆ ಇಳಿಯುವುದು ಬೇಡ, ದಂಡೆಯ ಮೇಲೆ ಕುಳಿತು ನೋಡಿದರೆ ಸಾಕು.

ಇನ್ನು ನನ್ನ ಎರಡನೆಯ ಉತ್ತರ. ಈ ಕೆರೆಗಳು ತಾವಾಗಿ ಆದವಲ್ಲ. ಯಾರೋ ಮಣ್ಣು ಹೊತ್ತರು, ಕಲ್ಲು ಒಡೆದರು. ಇದನ್ನು ಸೊನ್ನಲಿಗೆಯ ಸಿದ್ಧರಾಮೇಶ್ವರರಷ್ಟು ಚೆನ್ನಾಗಿ ತಿಳಿದವರು ಯಾರಿದ್ದಾರೆ? ಇವತ್ತಿನ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದ ಶರಣರು ಅವರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆಲಸದಲ್ಲಿದ್ದ ಶಿಷ್ಯರು ಸಿಟ್ಟಿಗೆದ್ದು ಕಲ್ಲು ಎಸೆದರು ಎಂದೂ ಕಥೆ ಹೇಳುತ್ತದೆ. ಕೆಲವರು ಇದನ್ನು ಹೀಗೆ ಅರ್ಥ ಮಾಡುತ್ತಾರೆ: ನೋಡಿ, ಪ್ರಭುಗಳು ಕೆರೆ ಕಟ್ಟುವುದು ವ್ಯರ್ಥವೆಂದರು, ಆತ್ಮಜ್ಞಾನವೇ ದೊಡ್ಡದೆಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರಭುಗಳು ಕೆಣಕಿದ್ದು ಕೆರೆಯನ್ನಲ್ಲ, 'ನಾನು ಕಟ್ಟಿದೆ' ಎಂಬುದನ್ನು. ಅದು ಹೋದ ಮೇಲೆ ಸಿದ್ಧರಾಮರು ಕಲ್ಯಾಣದ ಶರಣರಾದರು. ಕೆರೆ ಅಲ್ಲೇ ಉಳಿಯಿತು, ಇವತ್ತಿಗೂ ಸೊಲ್ಲಾಪುರದ ಸಿದ್ಧರಾಮರ ಗುಡಿ ನೀರಿನ ನಡುವೆ ಇದೆ.

ನಾವು ಕೆರೆ ಕಟ್ಟಿದವರಲ್ಲ. ಕಟ್ಟಿದವರಿಗೇ ಅಹಂಕಾರ ಸಲ್ಲದೆಂದ ಮೇಲೆ, ಬರೀ ನೋಡಲು ಹೋಗುವ ನಮಗೆ 'ದುಡ್ಡು ಕೊಟ್ಟು ಬಂದಿದ್ದೇವೆ, ಹೇಗಾದರೂ ಇರುತ್ತೇವೆ' ಎನ್ನುವ ಹಕ್ಕು ಎಲ್ಲಿಂದ ಬರುತ್ತದೆ? ನಾವು ಹೋದ ಮೇಲೆ ಕೆರೆಯ ದಂಡೆ ಗುಡಿಸುವವರೂ ಒಬ್ಬರಿದ್ದಾರೆ. ಶರಣರ ಸಂಗದಲ್ಲಿ ಬೀದಿ ಗುಡಿಸುವ ಸತ್ಯಕ್ಕ ಇದ್ದಳು, ಅವಳನ್ನು ನಾವು ಪೂಜಿಸುತ್ತೇವೆ. ಆದರೆ ನಮ್ಮ ಎಂಜಲೆತ್ತುವವರ ಮುಖವನ್ನು ನೋಡುವುದಿಲ್ಲ. ಪೂಜೆ ಯಾತಕ್ಕೆ ಬಂತು?

ಕೊನೆಯ ಮಾತು ತಾಯಂದಿರ ಬಗ್ಗೆ. ಪ್ರವಾಸವೆಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಅವರು ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಾರೆ. ಅಲ್ಲಿ ಹೋಗಿ ಎಡೆ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾರೆ, ಮಕ್ಕಳನ್ನು ಕಾಯುತ್ತಾರೆ. ಗಂಡಸರು ನೀರು ನೋಡುತ್ತಾರೆ. ಒಂದು ಸಲ ನನ್ನ ಮನೆಯವರೇ ಕೇಳಿದರು, 'ನಾ ಎಲ್ಲಿ ನೋಡಿದೆರಿ ಕೆರಿ? ಪಾತ್ರಿ ತೊಳಿಯೂದ್ರಾಗ ಹೊತ್ತು ಹೋತು.' ಆಗಿನಿಂದ ಒಂದು ನಿಯಮ ಮಾಡಿದ್ದೇವೆ. ರೊಟ್ಟಿ-ಚಟ್ನಿ ಹಿಂದಿನ ದಿನವೇ ಆಗಬೇಕು, ಖಡಕ್ ರೊಟ್ಟಿಗೆ ಏನೂ ತೊಂದರೆಯಿಲ್ಲ. ಸಿಹಿಗೆ ಅಮೀನಗಡದಲ್ಲಿ ಇಳಿದು ಕರದಂಟು ಕೊಂಡರಾಯಿತು. ಅಲ್ಲಿ ಬಡಿಸುವುದು, ತೊಳೆಯುವುದು ಗಂಡಸರ ಪಾಲಿಗೆ. ಅನುಭವ ಮಂಟಪದಲ್ಲಿ ಅಕ್ಕನಿಗೂ ಅಣ್ಣನಿಗೂ ಒಂದೇ ಆಸನವಿತ್ತು ಎಂದು ಭಾಷಣ ಮಾಡುವ ನಾವು ಕೆರೆಯ ದಂಡೆಯಲ್ಲಿ ಅದನ್ನು ಒಂದು ದಿನ ಮಾಡಿ ತೋರಿಸಲಾರೆವೇ?

ಇಷ್ಟು ಹೇಳಿ ಪೂಜ್ಯರ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಮೂರು ತಿಂಗಳಿಗೊಮ್ಮೆ ನಮ್ಮ ಈ ಗೋಷ್ಠಿ ಕೆರೆಯ ದಂಡೆಯ ಮೇಲೆ ನಡೆಯಲಿ. ಮುಂಜಾನೆ ಹೋಗಿ ಒಂದು ತಾಸು ಕೈಯಾರೆ ದಂಡೆಯನ್ನು ಸ್ವಚ್ಛ ಮಾಡೋಣ. ಆಮೇಲೆ ನೆರಳಲ್ಲಿ ಕುಳಿತು ವಚನ ಹಾಡೋಣ, ಬುತ್ತಿ ಹಂಚಿಕೊಂಡು ಉಣ್ಣೋಣ. ನಮ್ಮ ಜಾತಿಯವರು, ನಮ್ಮ ಓಣಿಯವರು ಎನ್ನದೆ ಆ ಕೆರೆಯ ಊರಿನವರನ್ನೂ ಎಡೆಗೆ ಕರೆಯೋಣ. ಹಳೆಯ ಫೋಟೋ, ಹಳೆಯ ಬಟ್ಟೆಗಳನ್ನು ನೀರಿಗೆ ಬಿಡುವ ರೂಢಿಯನ್ನು ಇಂದೇ ಬಿಡೋಣ, ನೆಲದಲ್ಲಿ ಹುಗಿದರೆ ಯಾವ ದೇವರೂ ಮುನಿಯುವುದಿಲ್ಲ. ಯಾರಾದರೂ ಬಾಟಲಿ ಹಿಡಿದು ಅಲ್ಲಿಗೆ ಬಂದರೆ ಜಗಳ ಬೇಡ. ಅಪ್ಪಗಳು ಮಾಡಿದಂತೆ ಜೋಳಿಗೆ ಚಾಚೋಣ.

ನನ್ನ ಅವ್ವನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂದವಾಗಿವೆ. ಆದರೂ ಪ್ರವಾಸದ ದಿನ ಎಲ್ಲರಿಗಿಂತ ಮೊದಲು ಗಾಡಿಯಲ್ಲಿ ಕೂರುವವಳು ಅವಳೇ. ಕಳೆದ ಬಾರಿ ಸಂಗಮಕ್ಕೆ 'ಬರ್ತಿಯೇನವ್ವಾ' ಎಂದು ಕೇಳಿದೆ. 'ತವರಮನಿಗೆ ಹೋಗಾಕ ಯಾರರ ಒಲ್ಲೆ ಅಂತಾರೇನು?' ಎಂದಳು. ದಂಡೆಯಲ್ಲಿ ಕುಳಿತು ಜೋಳಿಗೆಯ ಬಾಯಿ ಅಗಲಿಸಿ ಹಿಡಿದಿದ್ದಳು. ಮಕ್ಕಳು ಓಡಿ ಓಡಿ ಚೀಟಿ ಆರಿಸಿ ತಂದು ಹಾಕುತ್ತಿದ್ದರು. ಅವಳು ತನ್ನ ಮನೆಯ ಅಂಗಳ ಗುಡಿಸುತ್ತಿದ್ದಾಳೆ ಎಂದು ನನಗೆ ಅನ್ನಿಸಿತು.

ಮುಂದಿನ ಸಂಕ್ರಮಣಕ್ಕೆ ನೀವೂ ಬನ್ನಿ. ಬುತ್ತಿ ನಿಮ್ಮದು ತನ್ನಿ, ಜೋಳಿಗೆ ನಮ್ಮಲ್ಲಿವೆ.